ಅಗ್ಗದ ಬಿಸಿನೆಸ್ ಜೆಟ್ ಯಾಕೆ ನಿಲ್ಲಲಿಲ್ಲ? ಎಕ್ಲಿಪ್ಸ್ 500 ಕಥೆ ಬಲ್ಲವರು ಬನ್ನಿ

ಮುಗಿಲಗಲ

ಫ್ರಾನ್ಸಿನ ಡಸೋ ಕಂಪನಿಯ ಫಾಲ್ಕನ್ 2000 ಜೆಟ್ ನಾಗಪುರದಲ್ಲಿ ತಯಾರಾಗುತ್ತದೆ ಅಂತ 2025ರ ಜೂನ್‌ನಲ್ಲಿ ಸುದ್ದಿ ಬಂತಲ್ಲ, ಆಗಿನಿಂದ ನಮ್ಮ ಗೆಳೆಯರ ನಡುವೆ ಇದೇ ಮಾತು. ಫಾಲ್ಕನ್ ದೊಡ್ಡ ಸಾಹುಕಾರರಿಗೆ ಆಯಿತು. ಹುಬ್ಬಳ್ಳಿಯಲ್ಲೋ ಹೊಸಪೇಟೆಯಲ್ಲೋ ಕಾರ್ಖಾನೆ ಇಟ್ಟವರಿಗೆ, ಒಂದೇ ದಿನ ಎರಡು ಊರು ಸುತ್ತಿ ಬರಬೇಕಾದ ಮ್ಯಾನೇಜರ್‌ಗಳಿಗೆ ಕೈಗೆಟಕುವ ಜೆಟ್ ಯಾಕಿಲ್ಲ?

ಯಾರೂ ಕೈ ಹಾಕಿಲ್ಲ ಅಂತೇನಿಲ್ಲ. ಅಮೆರಿಕದಲ್ಲಿ ವರ್ನ್ ರಾಬರ್ನ್ ಅನ್ನುವವರು 1998ರಲ್ಲಿ ಎಕ್ಲಿಪ್ಸ್ ಏವಿಯೇಷನ್ ಶುರು ಮಾಡಿದರು. ಮೈಕ್ರೋಸಾಫ್ಟ್‌ನ ಆರಂಭದ ದಿನಗಳಲ್ಲಿ ಅಲ್ಲಿದ್ದವರು. ಬಿಲ್ ಗೇಟ್ಸ್ ಕೂಡ ಹಣ ಹಾಕಿದ್ದರು. ಅವರ ಎಕ್ಲಿಪ್ಸ್ 500 ಜೆಟ್‌ನಲ್ಲಿ ಪೈಲಟ್ ಸೇರಿ ಆರು ಸೀಟು, ಎರಡು ಎಂಜಿನ್, 41,000 ಅಡಿ ಎತ್ತರ, ಗಂಟೆಗೆ ಹತ್ತಿರಹತ್ತಿರ 685 ಕಿಲೋಮೀಟರ್ ವೇಗ. 2000ದಲ್ಲಿ ಹೇಳಿದ ಬೆಲೆ 8 ಲಕ್ಷ 37 ಸಾವಿರ ಡಾಲರ್ ಆಸುಪಾಸು. ಆಗಿನ ರೂಪಾಯಿಯಲ್ಲಿ 4 ಕೋಟಿಗೂ ಕಡಿಮೆ! ಆ ಕಾಲದಲ್ಲಿ ಹೊಸ ಜೆಟ್ ಯಾವುದೂ ಈ ಬೆಲೆಯ ಹತ್ತಿರವೂ ಇರಲಿಲ್ಲ.

2006ರ ಸೆಪ್ಟೆಂಬರ್‌ನಲ್ಲಿ, ವಿಮಾನ ಹಾರಾಟಕ್ಕೆ ಯೋಗ್ಯ ಅನ್ನುವ ಸರ್ಕಾರದ ಸರ್ಟಿಫಿಕೇಟ್ ಸಿಕ್ಕಿತು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಷ್ಟರಲ್ಲಿ ಮಾರಿದ್ದು 260 ವಿಮಾನ. ಕರಗಿದ್ದು 100 ಕೋಟಿ ಡಾಲರ್‌ಗೂ ಜಾಸ್ತಿ.

ನನ್ನ ಪ್ರಶ್ನೆ ಇಷ್ಟೇ. ಕೆಟ್ಟದ್ದು ವಿಮಾನವೋ, ಲೆಕ್ಕವೋ?

ಲೆಕ್ಕದ ಪುಸ್ತಕ

ಲೆಕ್ಕ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ವಿಮಾನದ ಕೆಲಸಗಾರರ ಕೈ ಪಳಗುವುದಕ್ಕೆ ಒಂದು ಹಳೆಯ ಸೂತ್ರ ಇದೆ. ಕರ್ಟಿಸ್ ಕಂಪನಿಯ ಟಿ. ಪಿ. ರೈಟ್ ಎಂಬ ಎಂಜಿನಿಯರ್ 1936ರಲ್ಲಿ ಬರೆದಿದ್ದು. ಒಟ್ಟು ಕಟ್ಟಿದ ವಿಮಾನಗಳ ಸಂಖ್ಯೆ ದುಪ್ಪಟ್ಟಾದ ಪ್ರತಿ ಸಲವೂ ಒಂದು ವಿಮಾನಕ್ಕೆ ಬೇಕಾಗುವ ದುಡಿಮೆ ಸುಮಾರು 20 ಶೇಕಡಾ ಇಳಿಯುತ್ತದೆ. ಮೊದಲನೆಯದಕ್ಕೆ 100 ಗಂಟೆ ಬಿದ್ದರೆ ಎರಡನೆಯದಕ್ಕೆ 80, ನಾಲ್ಕನೆಯದಕ್ಕೆ 64. ಹೀಗೇ ಹೋದರೆ ಸಾವಿರದ ಹೊತ್ತಿಗೆ 11 ಗಂಟೆ. ರಾಬರ್ನ್ ಹೇಳಿದ ಬೆಲೆ ನಿಂತಿದ್ದು ಈ ಇಳಿಜಾರಿನ ತಳದಲ್ಲಿ. ವರ್ಷಕ್ಕೆ ಸಾವಿರದ ಲೆಕ್ಕದಲ್ಲಿ ವಿಮಾನ ಹೊರಗೆ ಬರಬೇಕಿತ್ತು.

ಈಗ ಇದನ್ನು ನೋಡಿ. 2008 ಬಿಸಿನೆಸ್ ಜೆಟ್ ಉದ್ಯಮಕ್ಕೆ ಸುಗ್ಗಿಯ ವರ್ಷ. ಜಗತ್ತಿನ ಎಲ್ಲ ಕಂಪನಿಗಳೂ ಸೇರಿ ಕೊಟ್ಟಿದ್ದು 1,300ರ ಆಸುಪಾಸು ಜೆಟ್. ಒಂದು ಹೊಸ ಕಂಪನಿ ತಾನೊಬ್ಬನೇ ಸಾವಿರ ಮಾರುತ್ತೇನೆ ಅಂತ ಹೊರಟರೆ ಏನು ಅರ್ಥ? ಇರುವ ಗಿರಾಕಿಗಳು ಸಾಲುವುದಿಲ್ಲ. ಇಲ್ಲದ ಗಿರಾಕಿಗಳನ್ನೇ ಹುಟ್ಟಿಸಬೇಕು.

ಇನ್ನೊಂದು ವಿಷಯ ಇದೆ. ಪಳಗಿದಷ್ಟೂ ಇಳಿಯುವುದು ಕೂಲಿ ಮಾತ್ರ. ಎಂಜಿನ್, ಕಾಕ್‌ಪಿಟ್‌ನ ಎಲೆಕ್ಟ್ರಾನಿಕ್ಸ್, ಗಾಲಿ, ಬ್ರೇಕ್ ಎಲ್ಲ ಹೊರಗಿನಿಂದ ಕೊಳ್ಳುವ ಮಾಲು. ಅವರೂ ಸಾವಿರದ ಆರ್ಡರ್ ನಂಬಿ ಕಡಿಮೆ ದರ ಕೊಟ್ಟಿರುತ್ತಾರೆ. ಆರ್ಡರ್ ಬರದಿದ್ದರೆ ಅವರ ದರವೂ ಏರುತ್ತದೆ. 2008ರ ಮಧ್ಯದ ಹೊತ್ತಿಗೆ ಎಕ್ಲಿಪ್ಸ್ ಬೆಲೆ 20 ಲಕ್ಷ ಡಾಲರ್ ದಾಟಿತ್ತು.

ಬೆಳಗಾವಿ ಲೇತ್

ಲೆಕ್ಕದವರು ಹೇಳಿದ್ದು ಸರಿ. ಆದರೆ ವಿಮಾನದ ಬಗ್ಗೆಯೂ ಎರಡು ಮಾತು ಆಡಬೇಕು, ಯಾಕೆಂದರೆ ಅದರಲ್ಲಿ ನಿಜವಾಗಿ ಒಳ್ಳೆಯ ಕೆಲಸ ಇತ್ತು. ನಾನು ಬಿಡಿಭಾಗ ಕೊರೆಯುವ ಉದ್ಯೋಗದವನು, ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

ಸಾಮಾನ್ಯವಾಗಿ ವಿಮಾನದ ಅಲ್ಯೂಮಿನಿಯಂ ತಗಡನ್ನು ಒಳಗಿನ ಪಟ್ಟಿಗಳಿಗೆ ರಿವೆಟ್ ಹೊಡೆದು ಕೂಡಿಸುತ್ತಾರೆ. ಒಂದೊಂದಕ್ಕೂ ತೂತು ಕೊರೆಯಬೇಕು, ಅಂಚು ಕೆರೆಯಬೇಕು, ರಿವೆಟ್ ಹೊಡೆಯಬೇಕು, ತಪಾಸಣೆ ಮಾಡಬೇಕು. ಎಕ್ಲಿಪ್ಸ್‌ನವರು ಇಂಥ ಸಾವಿರಾರು ರಿವೆಟ್ ತೆಗೆದು ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ತಂದರು. ಇಂಗ್ಲೆಂಡಿನಲ್ಲಿ 1991ರಲ್ಲಿ ಹುಟ್ಟಿದ ವಿಧಾನ ಅದು. ತಿರುಗುವ ಗಟ್ಟಿ ಮೊನೆಯನ್ನು ಎರಡು ತಗಡು ಕೂಡುವಲ್ಲಿ ಒತ್ತಿ ಸಾಗಿಸಿದರೆ ಉಜ್ಜಿದ ಬಿಸಿಗೆ ಲೋಹ ಮೆತ್ತಗಾಗಿ ಕಲಸಿಕೊಂಡು ಒಂದಾಗುತ್ತದೆ. ಕರಗುವುದಿಲ್ಲ, ಅದೇ ಅದರ ಗುಟ್ಟು. ವಿಮಾನದ ಅಲ್ಯೂಮಿನಿಯಂ ಕರಗಿದರೆ ಬೆಸುಗೆ ಬಿರುಕು ಬಿಡುತ್ತದೆ, ಬಲ ಹೋಗುತ್ತದೆ. ಜೆಟ್‌ನ ಮೈ ಕಟ್ಟಲು ಇದನ್ನು ಬಳಸಲು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಪ್ಪುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಪೆಟ್ಟು ಬಿದ್ದಿದ್ದು ಎಂಜಿನ್‌ನಲ್ಲಿ. ವಿಲಿಯಮ್ಸ್ ಕಂಪನಿಯ ಇಜೆ22 ಅನ್ನುವ ಪುಟ್ಟ ಎಂಜಿನ್ ನಂಬಿ ಇಡೀ ವಿಮಾನದ ವಿನ್ಯಾಸ ಮಾಡಿದ್ದರು. ಅಷ್ಟು ಹಗುರ, ಅಷ್ಟು ತಳ್ಳುವ ಶಕ್ತಿ, ಕಾಗದದ ಮೇಲೆ ಅದ್ಭುತ. 2002ರ ಆಗಸ್ಟ್‌ನಲ್ಲಿ ಮೊದಲ ಹಾರಾಟ ಆಯಿತು. ವರ್ಷ ಮುಗಿಯುವ ಮೊದಲೇ ಆ ಎಂಜಿನ್ ಕೈಬಿಟ್ಟರು. ಕೆನಡಾದ ಪ್ರಾಟ್ ಅಂಡ್ ವಿಟ್ನಿಯ ಪಿಡಬ್ಲ್ಯೂ610ಎಫ್ ಬಂತು. ಅದು ಜಾಸ್ತಿ ತೂಕ. ಎಂಜಿನ್ ತೂಕ ಹೆಚ್ಚಿದರೆ ಇಂಧನ ಹೆಚ್ಚು ಬೇಕು, ಇಂಧನ ಹೆಚ್ಚಿದರೆ ರೆಕ್ಕೆ, ಗಾಲಿ ಎಲ್ಲ ಗಟ್ಟಿ ಮಾಡಬೇಕು. ಹತ್ತಿರಹತ್ತಿರ ಹೊಸ ವಿಮಾನವನ್ನೇ ವಿನ್ಯಾಸ ಮಾಡಿದ ಹಾಗೆ. ಅಲ್ಲಿ ಹೋದ ವರ್ಷಗಳು ಮತ್ತೆ ಸಿಗಲಿಲ್ಲ.

ಹೊಸ ರೆಕ್ಕೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲರೂ ಎಕ್ಲಿಪ್ಸ್ ಸೋತಿತು ಅಂತ ಮುಗಿಸಿಬಿಡುತ್ತೀರಿ. ಆದರೆ ಅದೇ ಪ್ರಾಟ್ ಎಂಜಿನ್ ಕುಟುಂಬದ ಪಿಡಬ್ಲ್ಯೂ615ಎಫ್ ಸೆಸ್ನಾ ಕಂಪನಿಯ ಸಣ್ಣ ಜೆಟ್ ಮಸ್ಟ್ಯಾಂಗ್‌ಗೆ ಹೋಯಿತು, ಪಿಡಬ್ಲ್ಯೂ617ಎಫ್ ಬ್ರೆಜಿಲಿನ ಎಂಬ್ರಾಯರ್ ಫೀನಮ್ 100ಕ್ಕೆ ಹೋಯಿತು. ದೊಡ್ಡ ಕಂಪನಿಗಳು ಸಣ್ಣ ಜೆಟ್ ಕಡೆ ಇಷ್ಟು ಬೇಗ ತಿರುಗಿದ್ದರಲ್ಲಿ ಎಕ್ಲಿಪ್ಸ್ ಎಬ್ಬಿಸಿದ ಗದ್ದಲಕ್ಕೆ ದೊಡ್ಡ ಪಾಲಿದೆ. ಅಮೆರಿಕದ ವಿಮಾನಯಾನದ ದೊಡ್ಡ ಪ್ರಶಸ್ತಿ ಕಾಲಿಯರ್ ಟ್ರೋಫಿಯನ್ನು 2005ಕ್ಕೆ ಎಕ್ಲಿಪ್ಸ್‌ಗೆ ಸುಮ್ನೆ ಕೊಡಲಿಲ್ಲ ಅಲ್ವಾ?

ಮತ್ತೆ 2008ರಲ್ಲಿ ಬ್ಯಾಂಕುಗಳೇ ಬಿದ್ದವು. ಆ ವರ್ಷ ಯಾವ ಹೊಸ ಕಂಪನಿ ಉಳಿಯುತ್ತಿತ್ತು ಹೇಳಿ?

ಲೆಕ್ಕದ ಪುಸ್ತಕ

ಮಸ್ಟ್ಯಾಂಗ್ ಉಳಿಯಿತಲ್ಲ. ಎಕ್ಲಿಪ್ಸ್‌ಗೆ ಸರ್ಟಿಫಿಕೇಟ್ ಸಿಕ್ಕ ತಿಂಗಳೇ ಅದಕ್ಕೂ ಸಿಕ್ಕಿತು. ಬೆಲೆ 25 ಲಕ್ಷ ಡಾಲರ್‌ಗೂ ಮೇಲೆ. 2017ರಲ್ಲಿ ನಿಲ್ಲಿಸುವ ತನಕ 470ಕ್ಕೂ ಹೆಚ್ಚು ಕಟ್ಟಿದರು. ದುಬಾರಿ ಇದ್ದದ್ದು ಜಾಸ್ತಿ ಮಾರಿತು. ಸೆಸ್ನಾ ಹತ್ತಿರ ಬೇರೆ ವಿಮಾನಗಳ ದುಡ್ಡಿತ್ತು ನಿಜ. ಆದರೆ ಅವರು ವರ್ಷಕ್ಕೆ ಸಾವಿರ ಮಾರುವ ಲೆಕ್ಕದಲ್ಲಿ ಬೆಲೆ ಕಟ್ಟಲಿಲ್ಲ.

ಹಣದ ಬಿಕ್ಕಟ್ಟು ಕೊನೆಯ ಏಟು, ಒಪ್ಪುತ್ತೇನೆ. ಅದಕ್ಕೂ ಮೊದಲೇ ಪ್ರತಿ ವಿಮಾನವನ್ನೂ ಕಟ್ಟುವ ಖರ್ಚಿಗಿಂತ ಕಡಿಮೆಗೆ ಮಾರುತ್ತಿದ್ದ ಕಂಪನಿ ಅದು.

ಹಳೇ ಕಾಕ್‌ಪಿಟ್

ನಿವೃತ್ತ ಪೈಲಟ್. ಎಕ್ಲಿಪ್ಸ್ ಹಾರಿಸಿಲ್ಲ, ಬೇರೆ ಸಣ್ಣ ಜೆಟ್ ಹಾರಿಸಿದ್ದೇನೆ.

ಅಗ್ಗದ ಜೆಟ್ ಕಥೆ ಎಕ್ಲಿಪ್ಸ್‌ನಿಂದ ಶುರುವಾಗಿದ್ದಲ್ಲ. ಬಿಲ್ ಲಿಯರ್ ಅವರ ಲಿಯರ್‌ಜೆಟ್ 23 ಮೊದಲು ಹಾರಿದ್ದು 1963ರ ಅಕ್ಟೋಬರ್ 7ರಂದು. ಸ್ವಿಸ್ ಯುದ್ಧವಿಮಾನದ ವಿನ್ಯಾಸದಿಂದ ಬೆಳೆದ ಜೆಟ್ ಅದು. ಬಾಣದ ಹಾಗೆ ಹೋಗುತ್ತಿತ್ತು. ಆದರೆ ಅದನ್ನು ಪಳಗಿಸಲು ಒಳ್ಳೆಯ ಪೈಲಟ್ ಬೇಕು. ಪ್ರೊಪೆಲ್ಲರ್ ವಿಮಾನದಿಂದ ನೇರ ಬಂದವರ ಕೈಯಲ್ಲಿ ಶುರುವಿನ ವರ್ಷಗಳಲ್ಲಿ ಅಪಘಾತ ಬಹಳ ಆದವು.

ಅದಾದ ಮೇಲೆ ಸೆಸ್ನಾ ಬೇರೆ ದಾರಿ ಹಿಡಿಯಿತು. 1969ರಲ್ಲಿ ಹಾರಿದ ಮೊದಲ ಸಿಟೇಷನ್‌ಗೆ ನೇರ ರೆಕ್ಕೆ. ವೇಗ ಕಮ್ಮಿ. ಪೈಲಟ್‌ಗಳು 'ಇದಕ್ಕೆ ಹಿಂದಿನಿಂದ ಹಕ್ಕಿ ಬಂದು ಡಿಕ್ಕಿ ಹೊಡೆಯುತ್ತೆ' ಅಂತ ನಗುತ್ತಿದ್ದರು. ಸೆಸ್ನಾದವರು ತಲೆ ಕೆಡಿಸಿಕೊಳ್ಳಲಿಲ್ಲ. ಚಿಕ್ಕ ರನ್‌ವೇಯಲ್ಲಿ ಇಳಿಯುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಸಾಮಾನ್ಯ ಪೈಲಟ್ ಕಲಿಯಬಹುದು. 6 ಲಕ್ಷ 95 ಸಾವಿರ ಡಾಲರ್, ಅದರಲ್ಲೇ ಪೈಲಟ್ ತರಬೇತಿಯೂ ಸೇರಿತ್ತು. ಇವತ್ತು ಸಿಟೇಷನ್ ಹೆಸರಿನ ಜೆಟ್‌ಗಳು 7,000ಕ್ಕೂ ಹೆಚ್ಚು ಆಗಿವೆ. ಲಿಯರ್‌ಜೆಟ್ ತಯಾರಿಕೆ 2022ರಲ್ಲಿ ನಿಂತೇ ಹೋಯಿತು.

ನನ್ನ ಮಟ್ಟಿಗೆ ಈ ಚರ್ಚೆಯ ತಿರುಳು ಇಲ್ಲೇ ಇದೆ. ಅಗ್ಗ ಮಾಡಬೇಕಾದರೆ ಏನೋ ಒಂದನ್ನು ಬಿಡಬೇಕು, ಬಿಟ್ಟಿದ್ದೇವೆ ಅಂತ ಗಿರಾಕಿಗೆ ನೇರವಾಗಿ ಹೇಳಬೇಕು. ಸೆಸ್ನಾ ವೇಗ ಬಿಟ್ಟಿತು. ಸಿರಸ್ ಕಂಪನಿ ತನ್ನ ವಿಷನ್ ಜೆಟ್‌ನಲ್ಲಿ ಒಂದು ಎಂಜಿನ್ನೇ ಬಿಟ್ಟಿತು, ಎತ್ತರವನ್ನೂ ಬಿಟ್ಟಿತು. ಅದರ ಬದಲು ಇಡೀ ವಿಮಾನವನ್ನು ಇಳಿಸುವ ಪ್ಯಾರಾಶೂಟ್ ಕೊಟ್ಟಿತು. 2016ರಲ್ಲಿ ಸರ್ಟಿಫಿಕೇಟ್ ಸಿಕ್ಕಿತು, ಈಗ 500 ದಾಟಿ ಮಾರಿದ್ದಾರೆ. ಎಕ್ಲಿಪ್ಸ್ ಏನನ್ನೂ ಬಿಡಲು ಒಪ್ಪಲಿಲ್ಲ. ಎರಡು ಎಂಜಿನ್, ದೊಡ್ಡ ಜೆಟ್‌ನ ಎತ್ತರ, ಎಲ್ಲ ಹೊಸ ಎಲೆಕ್ಟ್ರಾನಿಕ್ಸ್, ಹೊಸ ಬೆಸುಗೆ, ಬೆಂಕಿ ಆರಿಸಲು ಕೂಡ ತಾವೇ ಹೊಸ ರಾಸಾಯನಿಕ ಮಾಡಿದರು. ಒಂದೇ ವಿಮಾನದಲ್ಲಿ ಇಷ್ಟು ಹೊಸದು ಬೇಡ.

ಹೊಸ ರೆಕ್ಕೆ

ಸರ್, ಸಿರಸ್ ಜೆಟ್ ಈಗ 30 ಲಕ್ಷ ಡಾಲರ್ ದಾಟಿದೆ. ಅದನ್ನು ಅಗ್ಗ ಅನ್ನಬಹುದಾ?

ಹಳೇ ಕಾಕ್‌ಪಿಟ್

ಜೆಟ್‌ಗಳಲ್ಲಿ ಅಗ್ಗ ಅನ್ನಬಹುದು ಮಗಾ. ಹೋಂಡಾಜೆಟ್ 2015ರಲ್ಲಿ ಬಂದಾಗಲೇ 45 ಲಕ್ಷ ಡಾಲರ್ ಇತ್ತು. ಅದೂ ಹೋಂಡಾದಂಥ ಕಂಪನಿ 1986ರಿಂದ ಸಂಶೋಧನೆಗೆ ದುಡ್ಡು ಸುರಿದು, ಮಿಚಿಮಾಸಾ ಫುಜಿನೋ ಅವರಂಥ ಎಂಜಿನಿಯರ್ ಪಟ್ಟು ಹಿಡಿದು ಕೂತ ಮೇಲೆ. ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಕೂರಿಸಿದ್ದಾರೆ, ನೋಡಿದ್ದೀಯಲ್ಲ. ಅದರಿಂದ ಕ್ಯಾಬಿನ್ ಒಳಗೆ ಜಾಗ ಸಿಕ್ಕಿತು. ಆ ಒಂದು ವಿಚಾರ ಗಟ್ಟಿ ಮಾಡಿಕೊಳ್ಳಲು ಅವರು ತೆಗೆದುಕೊಂಡ ಕಾಲ ನೋಡು.

ಸಂಜೆ ವಿಮಾನ

ನಾನು ಬೆಂಗಳೂರಿನಲ್ಲಿ ಚಾರ್ಟರ್, ಅಂದರೆ ಇಡಿಯಾಗಿ ಬಾಡಿಗೆಗೆ ಹಿಡಿಯುವ ವಿಮಾನಗಳ ವೇಳಾಪಟ್ಟಿ ಜೋಡಿಸುವ ಕೆಲಸದಲ್ಲಿದ್ದೇನೆ. ಇಲ್ಲಿ ಎಲ್ಲರೂ ವಿಮಾನದ ಬೆಲೆ ಬಗ್ಗೆ ಮಾತಾಡುತ್ತಿದ್ದೀರಿ. ಪ್ರಯಾಣಿಕರ ಕಡೆಯಿಂದ ನೋಡಿದರೆ ಕೊಳ್ಳುವ ಬೆಲೆ ಕಥೆಯ ಅರ್ಧವೂ ಅಲ್ಲ.

ಬಿಲ್‌ನಲ್ಲಿ ಏನೇನು ಇರುತ್ತದೆ ಅಂತ ಹೇಳುತ್ತೇನೆ. ಇಂಧನ, ಅದರ ಮೇಲೆ ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ. ಇಬ್ಬರು ಪೈಲಟ್, ಅವರ ಸಂಬಳ, ಸಿಮ್ಯುಲೇಟರ್ ತರಬೇತಿ. ವಿಮೆ. ಎಂಜಿನ್ ಓಡಿದ ಪ್ರತಿ ಗಂಟೆಗೆ ರಿಪೇರಿಗೆ ಎತ್ತಿಡುವ ಹಣ. ಇಳಿಯುವ ಶುಲ್ಕ, ನಿಲ್ಲಿಸುವ ಬಾಡಿಗೆ. ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಖಾಲಿ ಹಾರಾಟ. ಬೆಳಗ್ಗೆ ಬೆಂಗಳೂರಿನಿಂದ ಕಲಬುರಗಿಗೆ ಬಿಟ್ಟು ಬಂದು, ಸಂಜೆ ಮತ್ತೆ ಖಾಲಿ ಹೋಗಿ ಕರೆತಂದರೆ ನಾಲ್ಕು ಹಾರಾಟದ ದುಡ್ಡು, ಎರಡರಲ್ಲಿ ಮಾತ್ರ ಜನ. ಅಲ್ಲೇ ಕಾಯಿಸಿದರೆ ಆ ದಿನ ಇನ್ನೊಬ್ಬ ಗಿರಾಕಿ ಕೈ ತಪ್ಪಿದ. ವಿಮಾನ ಅರ್ಧ ಬೆಲೆಗೆ ಸಿಕ್ಕರೂ ಇವು ಅರ್ಧ ಆಗುವುದಿಲ್ಲ.

ಸಣ್ಣ ಜೆಟ್‌ನಲ್ಲಿ ಇನ್ನೊಂದು ತೊಡಕು. ಆರು ಸೀಟಿನಲ್ಲಿ ಇಬ್ಬರು ಪೈಲಟ್ ಹೋದರೆ ಉಳಿದದ್ದು ನಾಲ್ಕು. ಲಗೇಜ್ ಇಟ್ಟು ದೂರ ಹೋಗಬೇಕಾದರೆ ಮೂರು. ಮೂವರಿಗೆ ಚಾರ್ಟರ್ ಮಾಡಿಸಿ ಅಂದರೆ ಕಂಪನಿಯ ಲೆಕ್ಕದವರು ಒಪ್ಪಬೇಕಲ್ಲ! ಹಾಗಾಗಿ ನಮ್ಮಲ್ಲಿ ಕೇಳಿ ಬರುವುದು ಬೀಚ್‌ಕ್ರಾಫ್ಟ್ ಕಿಂಗ್ ಏರ್‌ನಂಥ ಟರ್ಬೋಪ್ರಾಪ್, ಅಂದರೆ ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲ್ಲರ್ ತಿರುಗುವ ವಿಮಾನ. ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರಕ್ಕೆ ಜೆಟ್ ಉಳಿಸುವುದು ಕೆಲವೇ ನಿಮಿಷ. ಏರುವುದರಲ್ಲಿ, ಇಳಿಯುವುದರಲ್ಲೇ ಸಮಯ ಹೋಗುತ್ತದೆ.

ಮುಗಿಲಗಲ

ಮೇಡಂ, ಖಾಲಿ ಹಾರಾಟದ ಮಾತು ತಂದಿದ್ದು ಒಳ್ಳೆಯದಾಯಿತು. ಫ್ಲಾರಿಡಾದ ಏರ್ ಟ್ಯಾಕ್ಸಿ ಕಂಪನಿ ಡೇಜೆಟ್ ಬಿಡಿಸಲು ಹೊರಟಿದ್ದು ಇದೇ ಗಂಟು ಅಲ್ವಾ?

ಸಂಜೆ ವಿಮಾನ

ಹೌದು, ನಮ್ಮ ಕಸುಬಿನವರು ಅದನ್ನು ಇವತ್ತಿಗೂ ನೆನೆಯುತ್ತೇವೆ. ಸಿಟ್ರಿಕ್ಸ್ ಸಾಫ್ಟ್‌ವೇರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಡ್ ಯಾಕೋಬುಚ್ಚಿ ಶುರು ಮಾಡಿದ್ದು. ಬೋಕಾ ರೇಟನ್, ಲೇಕ್‌ಲ್ಯಾಂಡ್, ಗೇನ್ಸ್‌ವಿಲ್, ಟಲಹಾಸಿ, ಪೆನ್ಸಕೋಲಾ ಈ ಊರುಗಳ ನಡುವೆ ಎಕ್ಲಿಪ್ಸ್ 500 ಓಡಿಸಿದರು. ಇಡೀ ವಿಮಾನ ಬಾಡಿಗೆಗೆ ಹಿಡಿಯಬೇಕಿಲ್ಲ, ಒಂದು ಸೀಟು ಕೊಂಡರೆ ಸಾಕು. 'ಒಂಬತ್ತಕ್ಕೇ ಹೊರಡಬೇಕು' ಅಂದರೆ ಹೆಚ್ಚು ದರ, 'ಏಳರಿಂದ ಹನ್ನೊಂದರೊಳಗೆ ಯಾವಾಗ ಬೇಕಾದರೂ' ಅಂದರೆ ಕಡಿಮೆ ದರ. ಆ ಸಡಿಲಿನಲ್ಲಿ ಕಂಪ್ಯೂಟರ್ ಪ್ರಯಾಣಿಕರನ್ನು ಕೂಡಿಸಿ ವಿಮಾನದ ದಾರಿ ಹೆಣೆಯುತ್ತಿತ್ತು. ನಾನು ದಿನವೂ ಕೈಯಲ್ಲಿ ಮಾಡುವ ಕೆಲಸ ಅದು, ಅಷ್ಟು ದೊಡ್ಡ ಪ್ರಮಾಣದಲ್ಲಿ ಯೋಚಿಸಿದವರ ಬಗ್ಗೆ ನನಗೆ ನಿಜವಾದ ಗೌರವ ಇದೆ.

2007ರ ಅಕ್ಟೋಬರ್‌ನಲ್ಲಿ ಶುರು, 2008ರ ಸೆಪ್ಟೆಂಬರ್‌ನಲ್ಲಿ ಬಂದ್. ಅವರ ಹತ್ತಿರ ಇದ್ದದ್ದು 28 ವಿಮಾನ. ಇಂಥ ಜಾಲ ನಡೆಯಬೇಕಾದರೆ ನೂರಾರು ವಿಮಾನ, ಬಹಳ ಊರುಗಳು ಬೇಕು. ಕಡಿಮೆ ವಿಮಾನದಲ್ಲಿ ಯಾರನ್ನು ಯಾರ ಜೊತೆ ಕೂಡಿಸುವುದು? ಬೆಳೆಯಲು ಬಂಡವಾಳ ಬೇಕಿತ್ತು. ಆ ವರ್ಷ ಯಾರೂ ಕೊಡಲಿಲ್ಲ.

ಲೆಕ್ಕದ ಪುಸ್ತಕ

ಇದನ್ನು ನನ್ನ ಮೊದಲ ಮಾತಿಗೆ ಸೇರಿಸಿ. ಎಕ್ಲಿಪ್ಸ್ ತೋರಿಸುತ್ತಿದ್ದ ಆರ್ಡರ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಡೇಜೆಟ್ ಒಂದರದ್ದೇ. ಡೇಜೆಟ್ ಬೆಳೆಯಬೇಕಾದರೆ ಅಗ್ಗದ ಎಕ್ಲಿಪ್ಸ್ ಬೇಕು. ಎಕ್ಲಿಪ್ಸ್ ಅಗ್ಗ ಆಗಬೇಕಾದರೆ ಡೇಜೆಟ್ ಬೆಳೆಯಬೇಕು. ಈಜು ಬಾರದ ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊಳೆಗೆ ಇಳಿದ ಹಾಗೆ ಆಯಿತು. ಸೆಪ್ಟೆಂಬರ್‌ನಲ್ಲಿ ಒಬ್ಬರು, ನವೆಂಬರ್‌ನಲ್ಲಿ ಇನ್ನೊಬ್ಬರು.

ವಿಚಿಟಾ ಕನ್ನಡಿಗ

ಕಾನ್ಸಾಸ್‌ನಿಂದ ನಮಸ್ಕಾರ. ಸೆಸ್ನಾ, ಬೀಚ್‌ಕ್ರಾಫ್ಟ್, ಲಿಯರ್‌ಜೆಟ್ ಮೂರೂ ಬೆಳೆದ ಊರಿನಲ್ಲಿ ಇದ್ದುಕೊಂಡು ಒಂದು ಮಾತು ಸೇರಿಸುತ್ತೇನೆ.

ಈ ಊರಲ್ಲಿ ತಗಡು ಬಗ್ಗಿಸುವವರು, ಕೇಬಲ್ ಜೋಡಿಸುವವರು, ತಪಾಸಣೆ ಮಾಡುವವರು ಅಪ್ಪನ ಕಾಲದಿಂದ ಅದೇ ಕೆಲಸದಲ್ಲಿದ್ದಾರೆ. ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಸುತ್ತಲೂ ಇವೆ. ಎಕ್ಲಿಪ್ಸ್ ಕಾರ್ಖಾನೆ ಇಟ್ಟಿದ್ದು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ. ಊರು ಒಳ್ಳೆಯದೇ. ಆದರೆ ಹೊಸ ವಿಮಾನ, ಹೊಸ ವಿಧಾನ, ಹೊಸ ಕೆಲಸಗಾರರು ಮೂರೂ ಒಟ್ಟಿಗೆ. ಮೊದಲು ಕೊಟ್ಟ ವಿಮಾನಗಳು ಅರ್ಧಂಬರ್ಧ ಇದ್ದವು. ರೆಕ್ಕೆಗೆ ಹಿಮಗಟ್ಟುವ ಹವೆಯಲ್ಲಿ ಹಾರಲು ಅನುಮತಿ ಇರಲಿಲ್ಲ, ಕಾಕ್‌ಪಿಟ್‌ನ ಜಿಪಿಎಸ್ ನಕ್ಷೆ ಕೂಡ ಆಮೇಲೆ ಬರಬೇಕಿತ್ತು. ನಡುವೆ ಎಲೆಕ್ಟ್ರಾನಿಕ್ಸ್ ಕೊಡುವ ಕಂಪನಿಯನ್ನೂ ಬದಲಾಯಿಸಿದರು. ಮಾರಿದ ವಿಮಾನವನ್ನು ವಾಪಸ್ ತರಿಸಿ ತಾವೇ ಖರ್ಚು ಹಾಕಿ ಸರಿಮಾಡಬೇಕಾಯಿತು. ರೈಟ್ ಅವರ ಇಳಿಜಾರು ಇಂಥ ಕಡೆ ಕೆಲಸ ಮಾಡುವುದಿಲ್ಲ. ಒಂದೇ ವಿಮಾನವನ್ನು ಮತ್ತೆ ಮತ್ತೆ ಕಟ್ಟಿದರೆ ಕೈ ಪಳಗುತ್ತದೆ. ಪ್ರತಿ ಗುಂಪಿಗೂ ವಿಮಾನವೇ ಬದಲಾದರೆ ಯಾವುದರಲ್ಲಿ ಪಳಗುವುದು?

ಹಳೇ ಕಾಕ್‌ಪಿಟ್

ವಿಚಿಟಾದವರ ಮಾತಿಗೆ ಒಂದು ಘಟನೆ ಸೇರಿಸುತ್ತೇನೆ. 2008ರ ಜೂನ್‌ನಲ್ಲಿ ಷಿಕಾಗೋದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಒಂದು ಎಕ್ಲಿಪ್ಸ್ ಇಳಿಯುತ್ತಿತ್ತು. ಗಾಳಿ ತಟ್ಟನೆ ಬದಲಾದಾಗ ಪೈಲಟ್ ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿಕೆ ಥ್ರಾಟಲ್ ಅನ್ನು ಜೋರಾಗಿ ಮುಂದಕ್ಕೆ ಒತ್ತಿದರು. ಎರಡೂ ಎಂಜಿನ್ ಪೂರ್ತಿ ಶಕ್ತಿಯಲ್ಲೇ ಸಿಕ್ಕಿಹಾಕಿಕೊಂಡವು. ಥ್ರಾಟಲ್ ಹಿಂದಕ್ಕೆ ಎಳೆದರೂ ಇಳಿಯಲಿಲ್ಲ. ಕೈ ಒತ್ತಿದ ಬಲಕ್ಕೆ ಸೆನ್ಸರ್ ತನ್ನ ಮಿತಿ ದಾಟಿತ್ತು, ಕಂಪ್ಯೂಟರ್ ಆ ಸಂಕೇತವನ್ನು ನಂಬದೆ ಹಳೆಯ ಆಜ್ಞೆಯನ್ನೇ ಹಿಡಿದು ಕೂತಿತು. ಮೇಲೇರಿ, ಒಂದು ಎಂಜಿನ್ ಆರಿಸಿದರು. ಆಮೇಲೆ ಇನ್ನೊಂದು ಮಾತು ಕೇಳದೆ ಕನಿಷ್ಠ ಶಕ್ತಿಗೆ ಬಿತ್ತು. ಹಾಗಿದ್ದೂ ಆ ಪೈಲಟ್‌ಗಳು ವಿಮಾನ ಇಳಿಸಿದರು, ಒಬ್ಬರಿಗೂ ಗಾಯ ಆಗಲಿಲ್ಲ. ಅಮೆರಿಕದ ತನಿಖಾ ಮಂಡಳಿ ಕೂಡಲೇ ತುರ್ತು ಶಿಫಾರಸು ಹೊರಡಿಸಿತು.

ಅಗ್ಗ ಮಾಡುವ ಭರದಲ್ಲಿ ಪರೀಕ್ಷೆಯ ದಿನಗಳಿಗೆ ಕತ್ತರಿ ಹಾಕುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಬೇರೆ ಎಲ್ಲವನ್ನೂ ಬಿಡಿ, ಅದನ್ನು ಬಿಡಬೇಡಿ.

ಹೊಸ ರೆಕ್ಕೆ

ಸರ್, ಇದರ ಮೇಲೆ ವಾದ ಮಾಡುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಏರ್ ಟ್ಯಾಕ್ಸಿ ವಿಚಾರವೇ ಸುಳ್ಳು ಅಂತ ಆಗಲಿಲ್ಲ ತಾನೇ? ಆಸ್ಟ್ರಿಯಾದ ಗ್ಲೋಬ್‌ಏರ್ ಮಸ್ಟ್ಯಾಂಗ್‌ಗಳನ್ನೇ ಇಟ್ಟುಕೊಂಡು ಯೂರೋಪಿನಲ್ಲಿ ನಡೆಸುತ್ತಿದೆ. ಅಮೆರಿಕದ ಪ್ಲೇನ್‌ಸೆನ್ಸ್ ಒಂದೇ ಎಂಜಿನ್‌ನ ಪಿಲಾಟಸ್ ಪಿಸಿ-12 ಟರ್ಬೋಪ್ರಾಪ್‌ಗಳನ್ನು ಪಾಲುದಾರಿಕೆಯಲ್ಲಿ ಹಂಚುತ್ತಿದೆ. ಅಂದರೆ ಮ್ಯಾನೇಜರ್‌ಗೆ ಬೇಕಾದದ್ದು ಸ್ವಂತ ಜೆಟ್ ಅಲ್ಲ, ಬೇಕಾದ ದಿನ ಸಿಗುವ ಸೀಟು.

ಸಂಜೆ ವಿಮಾನ

ಇದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮಲ್ಲೂ ಅದೇ ಬೇಕು. ಅಗ್ಗದ ವಿಮಾನಕ್ಕಿಂತ ಮೊದಲು ಅಗ್ಗದ ಸೀಟು ಹೇಗೆ ಅಂತ ಯೋಚಿಸಬೇಕು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ತಂದಾಗ ಬೆಂಗಳೂರು–ಹುಬ್ಬಳ್ಳಿ ನಡುವೆ ಮೊದಲು ಹಾರಿಸಿದ್ದು ಎಟಿಆರ್ ಟರ್ಬೋಪ್ರಾಪ್. ಹೊಸ ವಿಮಾನ ಕಂಡುಹಿಡಿಯಲು ಹೋಗಲಿಲ್ಲ, ಇರುವ ವಿಮಾನದ ಸೀಟಿನ ದರ ಇಳಿಸುವ ದಾರಿ ಹುಡುಕಿದರು.

ಮುಗಿಲಗಲ

ಹಾಗಾದರೆ ನಮ್ಮ ದೇಶದಲ್ಲಿ ಸಣ್ಣ ಜೆಟ್ ಮಾಡುವ ಆಸೆ ಬಿಟ್ಟುಬಿಡಬೇಕಾ? ಬೆಂಗಳೂರಿನಲ್ಲಿ ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ, ವಿಮಾನ ಕಟ್ಟುವ ಎಚ್‌ಎಎಲ್ ಇದೆ. ಇಷ್ಟು ಎಂಜಿನಿಯರ್‌ಗಳಿದ್ದಾರೆ.

ಬೆಳಗಾವಿ ಲೇತ್

ಬಿಡಬೇಡಿ, ಆದರೆ ಮೆಟ್ಟಿಲು ಹತ್ತಿ ಹೋಗಬೇಕು. ಎನ್‌ಎಎಲ್‌ನ ಸರಸ್ 14 ಸೀಟಿನ ಟರ್ಬೋಪ್ರಾಪ್, 2004ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಾರಿತು. ಅದರಲ್ಲೂ ತೂಕದ ಸಮಸ್ಯೆಯೇ ಕಾಡಿತು. 2009ರ ಮಾರ್ಚ್ 6ರಂದು ಎರಡನೆಯ ಮಾದರಿ ಬಿಡದಿ ಹತ್ತಿರ ಬಿದ್ದು ಮೂವರು ತೀರಿಕೊಂಡರು. ಅವರು ಪರೀಕ್ಷೆಯ ಹಾರಾಟದಲ್ಲಿ ಜೀವ ಕೊಟ್ಟವರು. ಸರಸ್‌ನ ಕೆಲಸ ಈಗ 19 ಸೀಟಿನ ಮಾದರಿಯಾಗಿ ಮುಂದುವರಿದಿದೆ. ಎರಡು ಸೀಟಿನ ಹಂಸ-ಎನ್‌ಜಿ 2021ರಲ್ಲಿ ಹಾರಿತು. ಇವು ಪೂರ್ತಿಯಾಗಿ, ಸರ್ಟಿಫಿಕೇಟ್ ಪಡೆದು, ಗಿರಾಕಿ ಕೈಗೆ ಹೋಗಿ, ಹತ್ತು ವರ್ಷ ರಿಪೇರಿ ಸಿಗುವಂತೆ ಆಗಬೇಕು. ಅದೇ ನಿಜವಾದ ಪಾಠ.

ಇನ್ನೊಂದು ಕಡೆಯಿಂದ ನಾವು ಈಗಾಗಲೇ ಒಳಗಿದ್ದೇವೆ. ಬೆಳಗಾವಿಯ ಏಕಸ್‌ನಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಬೆಂಗಳೂರಿನ ಡೈನಮ್ಯಾಟಿಕ್ ಏರ್‌ಬಸ್‌ಗೆ ರೆಕ್ಕೆಯ ಫ್ಲಾಪ್‌ಗಳ ಭಾಗ ಮಾಡುತ್ತದೆ, 2024ರಲ್ಲಿ ಎ220ರ ಬಾಗಿಲುಗಳ ಆರ್ಡರ್ ಕೂಡ ಸಿಕ್ಕಿತು. ಬಾಗಿಲು ಅಂದರೆ ಸುಮ್ನೆ ಅಲ್ಲ. ಒಳಗಿನ ಗಾಳಿಯ ಒತ್ತಡ ತಡೆಯಬೇಕು, ತುರ್ತಿನಲ್ಲಿ ತಕ್ಷಣ ತೆರೆಯಬೇಕು. ಇಂಥ ಕೆಲಸ ಮಾಡಿ ಪಳಗಿದ ಕೈಗಳು ಒಂದು ಊರಿನಲ್ಲಿ ಸಾಕಷ್ಟು ಆದಾಗ ಜೆಟ್ ಮಾತು ಬೇರೆಯಾಗುತ್ತದೆ.

ಲೆಕ್ಕದ ಪುಸ್ತಕ

ತೆರಿಗೆಯನ್ನೂ ಮರೆಯಬೇಡಿ. ಸ್ವಂತ ಬಳಕೆಯ ವಿಮಾನಕ್ಕೆ 2025ರ ಸೆಪ್ಟೆಂಬರ್‌ನಿಂದ 40 ಶೇಕಡಾ ಜಿಎಸ್‌ಟಿ. ಇಲ್ಲಿ ಕೊಳ್ಳುವವರು ವರ್ಷಕ್ಕೆ ಬೆರಳೆಣಿಕೆ. ಹೊರದೇಶಕ್ಕೆ ಮಾರುವ ಲೆಕ್ಕ ಇಲ್ಲದೆ ಯಾವ ಭಾರತೀಯ ಜೆಟ್ ಕೂಡ ನಡೆಯುವುದಿಲ್ಲ. ಅದಕ್ಕೆ ಎಫ್‌ಎಎ, ಯೂರೋಪಿನ ಇಎಎಸ್‌ಎ ಎರಡರ ಸರ್ಟಿಫಿಕೇಟೂ ಬೇಕು.

ಜಕ್ಕೂರು ಜೊತೆಗಾರ

ಎಲ್ಲ ಓದಿದೆ, ಬಹಳ ಉಪಯೋಗವಾಯಿತು. ಹಳೆಯ ಎಕ್ಲಿಪ್ಸ್‌ಗಳು ಇನ್ನೂ ಹಾರುತ್ತಿವೆಯಾ? ಪರಿಚಯದವರೊಬ್ಬರು ಸೆಕೆಂಡ್ ಹ್ಯಾಂಡ್ ಒಂದನ್ನು ತರಿಸುವ ಮಾತಾಡುತ್ತಿದ್ದಾರೆ. ಕಡಿಮೆಗೆ ಸಿಗುತ್ತದಂತೆ.

ವಿಚಿಟಾ ಕನ್ನಡಿಗ

ಅಮೆರಿಕದಲ್ಲಿ ಹಾರುತ್ತಿವೆ. ಇಟ್ಟುಕೊಂಡವರಿಗೆ ಅದರ ಮೇಲೆ ಪ್ರೀತಿಯೂ ಇದೆ, ಇಂಧನ ಅಷ್ಟು ಕಡಿಮೆ ಕುಡಿಯುತ್ತದೆ. ದಿವಾಳಿಯ ನಂತರ 2009ರಲ್ಲಿ ಎಕ್ಲಿಪ್ಸ್ ಏರೋಸ್ಪೇಸ್ ಅನ್ನುವ ಹೊಸ ಕಂಪನಿ ಆಸ್ತಿ ಕೊಂಡು ಎಕ್ಲಿಪ್ಸ್ 550 ತಂದಿತು. ಬೆಲೆ 27 ಲಕ್ಷ ಡಾಲರ್ ಆಸುಪಾಸು, ಆಗಿದ್ದು ಕೆಲವೇ ಡಜನ್. ಅದು ಒನ್ ಏವಿಯೇಷನ್ ಆಗಿ 2018ರಲ್ಲಿ ಮತ್ತೆ ದಿವಾಳಿ ಅರ್ಜಿ ಹಾಕಿತು.

ಭಾರತಕ್ಕೆ ತರಿಸುವ ಮೊದಲು ನಿಮ್ಮ ಪರಿಚಯದವರು ಮೂರು ವಿಷಯ ಬರಹದಲ್ಲಿ ಕೇಳಿ ತಿಳಿಯಲಿ. ಯಾವ ಯಾವ ಸುಧಾರಣೆ ಆಗಿವೆ, ಅಂದರೆ ಹಿಮದ ಅನುಮತಿ, ಹೊಸ ಎಲೆಕ್ಟ್ರಾನಿಕ್ಸ್, ಥ್ರಾಟಲ್ ತಿದ್ದುಪಡಿ. ವಿಂಡ್‌ಷೀಲ್ಡ್, ಸ್ಕ್ರೀನ್‌ನಂಥ ಬಿಡಿಭಾಗ ಕೊಡುವವರು ಯಾರು, ಎಷ್ಟು ದಿನದಲ್ಲಿ. ಮತ್ತೆ ಅದಕ್ಕೆ ಕೈ ಹಾಕಲು ಲೈಸೆನ್ಸ್ ಇರುವ ಎಂಜಿನಿಯರ್ ಭಾರತದಲ್ಲಿ ಸಿಗುತ್ತಾರಾ ಅಂತ. ಕೊನೆಯದಕ್ಕೆ ಇಲ್ಲ ಅಂತ ಉತ್ತರ ಬಂದರೆ ಮುಂಗಡ ಕೊಡಬೇಡಿ ಅನ್ನಿ.

ಜಕ್ಕೂರು ಜೊತೆಗಾರ

ಧನ್ಯವಾದ ಸರ್. ಹೀಗೇ ಅವರಿಗೆ ಕಳಿಸುತ್ತೇನೆ. ಕಿಂಗ್ ಏರ್ ಬಗ್ಗೆ ಮೇಡಂ ಹತ್ತಿರ ಬೇರೆಯಾಗಿ ಕೇಳುವುದಿದೆ.

ಸಂಜೆ ವಿಮಾನ

ಕೇಳಿ. ಯಾವ ಊರುಗಳ ನಡುವೆ, ತಿಂಗಳಿಗೆ ಎಷ್ಟು ಸಲ, ಎಷ್ಟು ಜನ ಅಂತ ಮೊದಲು ಬರೆದು ಕೊಡಿ. ವಿಮಾನ ಯಾವುದು ಅನ್ನುವುದು ಆಮೇಲೆ.